ಶುಭಾಶಯವೂ ಕೈಗೆಲಸವೂ

ಒಬ್ಬರಿಗೊಬ್ಬರು ಒಳಿತನ್ನು ಹಾರೈಸುವುದು ಮನುಷ್ಯರಲ್ಲಿ ಎಷ್ಟು ಹಳೆಯ ರೂಢಿಯೋ, ಆ ಹಾರೈಕೆಗೆ ಕೈಯಲ್ಲಿ ಹಿಡಿಯಬಹುದಾದ ಒಂದು ರೂಪವನ್ನು ಕೊಡಬೇಕೆಂಬ ಹಂಬಲವೂ ಅಷ್ಟೇ ಹಳೆಯದು. ಬರಿಯ ಮಾತು ಗಾಳಿಯಲ್ಲಿ ಕರಗಿ ಹೋದೀತೆಂಬ ಅಂಜಿಕೆಯೇ ಇದಕ್ಕೆ ಮೂಲವಾಗಿರಬಹುದು. ವಿಜಯದಶಮಿಯ ಸಂಜೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಯಾವ ಊರಿನ ಓಣಿಯಲ್ಲಿ ನಿಂತು ನೋಡಿದರೂ, ಕಿರಿಯರು ಹಿರಿಯರ ಅಂಗೈಯಲ್ಲಿ ನಾಲ್ಕು ಬನ್ನಿಯ ಎಲೆಗಳನ್ನಿಟ್ಟು, ಬಂಗಾರದ ಹಾಗೆ ಇರೋಣವೆಂದು ನುಡಿದು, ಕಾಲಿಗೆರಗುವುದು ಕಾಣುತ್ತದೆ. ಆ ಎಲೆಯನ್ನು ಯಾರೂ ಮಾಡಿದ್ದಲ್ಲ. ಅದಕ್ಕೆ ಬೆಲೆಯೂ ಇಲ್ಲ. ಸಂಕ್ರಾಂತಿಯ ಕುಸುರೆಳ್ಳಾದರೋ ಇದಕ್ಕೆ ತೀರ ಬೇರೆ. ಮಂದವಾದ ಉರಿಯ ಮೇಲೆ ಎಳ್ಳನ್ನಿಟ್ಟು, ಸಕ್ಕರೆಯ ಪಾಕವನ್ನು ಚಮಚ ಚಮಚವಾಗಿ ಬಿಡುತ್ತ, ಕಾಳಿಗೆ ಮುಳ್ಳುಮುಳ್ಳಾಗಿ ಕುಸುರು ಕಟ್ಟುವವರೆಗೆ ಬೆರಳಿನಿಂದ ಆಡಿಸುತ್ತ ಕುಳಿತವರ ಬೆನ್ನು ಬಾಗಿ ಹೋಗುವುದು. ಎಲೆಯೂ ಹಾರೈಕೆಯೇ, ಕುಸುರೆಳ್ಳೂ ಹಾರೈಕೆಯೇ. ಒಂದರಲ್ಲಿ ಶ್ರಮವಿಲ್ಲ, ಇನ್ನೊಂದರಲ್ಲಿ ಶ್ರಮವೇ ಎಲ್ಲ. ಇವೆರಡರಲ್ಲಿ ಹೆಚ್ಚಿನದು ಯಾವುದೆಂದು ಕೇಳಿದರೆ ಹಿರಿಯರು ನಕ್ಕು ಸುಮ್ಮನಾಗುವರು.

ಇದೇ ಬಳಗಕ್ಕೆ ಈಚೆಗೆ ಕಾಗದದ ಕೈಗೆಲಸವೊಂದು ಬಂದು ಸೇರಿದೆ. ವಿದ್ಯಾವಂತರ ಮನೆಗಳಲ್ಲಿ ಮಕ್ಕಳೂ, ಬಿಡುವಿರುವ ಹೆಣ್ಣುಮಕ್ಕಳೂ ಹಬ್ಬಕ್ಕೆ, ಹುಟ್ಟಿದ ದಿನಕ್ಕೆ, ಮದುವೆಗೆ ಶುಭಾಶಯದ ಕಾರ್ಡುಗಳನ್ನು ತಾವೇ ಮಾಡುತ್ತಾರೆ. ದಪ್ಪ ಹಾಳೆಯನ್ನು ನಡುವೆ ಮಡಿಸಿ, ಚಿತ್ತಾರದ ಕಾಗದವನ್ನು ಅಳತೆಗೆ ಕತ್ತರಿಸಿ ಅಂಟಿಸಿ, ಮೇಲೆ ಠಸ್ಸೆಯೊತ್ತುವುದು ಇದರ ಮೊದಲ ಪಾಠ. ಠಸ್ಸೆಯನ್ನು ಕೊಳ್ಳಲೇಬೇಕೆಂದೇನೂ ಇಲ್ಲ; ಬೆಂಡೆಕಾಯಿಯನ್ನು ಅಡ್ಡ ಕೊಯ್ದು ಬಣ್ಣದಲ್ಲಿ ಅದ್ದಿ ಒತ್ತಿದರೆ ಐದೆಸಳಿನ ಹೂ ಮೂಡುವುದೆಂದು ಶಾಲೆಯ ಮಕ್ಕಳೆಲ್ಲರೂ ಬಲ್ಲರು. ಎರಡನೆಯದು ಉಬ್ಬು ಕೆಲಸ. ರಟ್ಟಿನಲ್ಲಿ ಆಕೃತಿಯನ್ನು ಕೊರೆದು, ಅದರ ಮೇಲೆ ಹಾಳೆಯನ್ನು ಮಗುಚಿಟ್ಟು, ಮೊಂಡು ಕಡ್ಡಿಯಿಂದ ಹಿಂಬದಿಯನ್ನು ಮೆಲ್ಲಗೆ ಅದುಮುತ್ತ ಬಂದರೆ ಮುಂಬದಿಯಲ್ಲಿ ಅದೇ ಆಕೃತಿ ಎದ್ದು ನಿಲ್ಲುವುದು. ಅಂಟುಮಸಿಯಲ್ಲಿ ಠಸ್ಸೆಯೊತ್ತಿ, ಹಸಿಯಾಗಿರುವಾಗಲೇ ನಯವಾದ ಪುಡಿಯೊಂದನ್ನು ಉದುರಿಸಿ, ಬಿಸಿ ತಾಗಿಸಿ ಉಬ್ಬಿಸುವ ಇನ್ನೊಂದು ಬಗೆಯೂ ಉಂಟು. ಉಬ್ಬಚ್ಚು ಈ ದೇಶದ ಅಂಚೆಗೆ ಹೊಸದಲ್ಲವೆಂಬುದನ್ನು ಇಲ್ಲಿ ನೆನೆಯಬಹುದು. 1852ರಲ್ಲಿ ಸಿಂಧ ಪ್ರಾಂತದಲ್ಲಿ ಹೊರಟ, ಏಷ್ಯಾ ಖಂಡಕ್ಕೇ ಮೊದಲಿನವಾದ ಅಂಚೆಚೀಟಿಗಳು ಉಬ್ಬಚ್ಚಿನವೇ. ಅವುಗಳಲ್ಲಿ ಕೆಂಪು ಅರಗಿನವು ಮುಟ್ಟಿದರೆ ಒಡೆಯುವಷ್ಟು ಪೆಡಸಾಗಿದ್ದುದರಿಂದ ಬಹಳ ಕಾಲ ನಡೆಯಲಿಲ್ಲ.

ಈ ಕೆಲಸ ಅಂದವಾದುದೆಂಬುದರಲ್ಲಿ ವಿವಾದವಿಲ್ಲ. ವಿಚಾರ ಮಾಡತಕ್ಕುದು ಬೇರೊಂದಿದೆ. ಕೈಯಿಂದ ಮಾಡಿದ್ದೆಂಬ ಮಾತ್ರಕ್ಕೆ ಒಂದು ಶುಭಾಶಯವು ಅಂಗಡಿಯಿಂದ ತಂದುದಕ್ಕಿಂತ ಸತ್ಯವಾಗುವುದೇ? ಆಗುವುದಾದರೆ ಆ ಸತ್ಯವಿರುವುದು ಶ್ರಮದಲ್ಲಿಯೋ, ಅಂದದಲ್ಲಿಯೋ, ಅಥವಾ ಇವೆರಡೂ ಅಲ್ಲದ ಇನ್ನಾವುದರಲ್ಲಿಯೋ?

ಅಚ್ಚಾದ ಕಾರ್ಡಿನ ಹುಟ್ಟನ್ನು ನೋಡಿದರೆ ಈ ಪ್ರಶ್ನೆಗೆ ಸ್ವಲ್ಪ ಬೆಳಕು ದೊರೆಯುತ್ತದೆ. ಇಂಗ್ಲೆಂಡಿನಲ್ಲಿ 1840ರಲ್ಲಿ ಒಂದು ಪೆನ್ನಿಯ ಅಂಚೆ ಬಂದ ಮೇಲೆ ಹಬ್ಬದ ಕಾಗದಗಳ ಹೊಳೆಯೇ ಹರಿಯತೊಡಗಿತು. ಅಂಚೆಯ ಆ ಸುಧಾರಣೆಯಲ್ಲಿ ತಾನೇ ಕೈಗೂಡಿಸಿದ್ದ ಹೆನ್ರಿ ಕೋಲ್ ಎಂಬವನಿಗೆ, ಬಂದ ಕಾಗದಗಳಿಗೆಲ್ಲ ಉತ್ತರ ಬರೆಯುವಷ್ಟು ವೇಳೆಯಿಲ್ಲದೆ ಹೋಯಿತು. 1843ರಲ್ಲಿ ಅವನು ಹಾರ್ಸ್ಲಿ ಎಂಬ ಚಿತ್ರಕಾರನಿಂದ ಚಿತ್ರವೊಂದನ್ನು ಬರೆಯಿಸಿ, ಸಾವಿರ ಪ್ರತಿಗಳನ್ನು ಕಲ್ಲಚ್ಚಿನಲ್ಲಿ ಮಾಡಿಸಿ, ಬಣ್ಣವನ್ನು ಕೈಯಿಂದ ತುಂಬಿಸಿ, ತಾನು ಬಳಸಿ ಮಿಕ್ಕವನ್ನು ಒಂದೊಂದು ಷಿಲಿಂಗಿಗೆ ಮಾರಿಸಿದನು. ಕೂಡಿ ಕುಳಿತ ಮನೆಯವರೆಲ್ಲ ದ್ರಾಕ್ಷಾರಸ ಕುಡಿಯುವ ಚಿತ್ರ ಅದರಲ್ಲಿದ್ದುದರಿಂದ ಪಾನನಿರೋಧದವರು ಸಿಡಿಮಿಡಿಗೊಂಡರಂತೆ. ಆ ಕಥೆ ಹಾಗಿರಲಿ. ಶುಭಾಶಯದ ಕಾರ್ಡು ಹುಟ್ಟಿದ್ದು ವೇಳೆಯ ಉಳಿತಾಯಕ್ಕಾಗಿ. ಇಂದು ಅದೇ ಕಾರ್ಡನ್ನು ಕೈಯಿಂದ ಮಾಡುವವರು ವೇಳೆಯನ್ನು ಬೇಕೆಂದೇ ಖರ್ಚು ಮಾಡುವುದಕ್ಕಾಗಿ ಮಾಡುತ್ತಾರೆ. ವಸ್ತು ಒಂದೇ, ನೂರೆಂಬತ್ತು ವರ್ಷಗಳಲ್ಲಿ ಅದರ ಆಶಯ ತಲೆಕೆಳಗಾಯಿತು.

ವೇಳೆ ಉಳಿಸುವ ಹಾದಿಯ ತುದಿ ಯಾವುದೆಂಬುದನ್ನು ತಂತಿಯ ಕಚೇರಿಯಲ್ಲಿ ಕಾಣಬಹುದಾಗಿತ್ತು. ಅಲ್ಲಿ ಶುಭಾಶಯದ ವಾಕ್ಯಗಳಿಗೆ ಅಂಕೆಗಳಿದ್ದವು. ಮದುವೆಗೊಂದು, ಹಬ್ಬಕ್ಕೊಂದು, ಪರೀಕ್ಷೆಯಲ್ಲಿ ತೇರ್ಗಡೆಯಾದುದಕ್ಕೊಂದು. ಕಳುಹಿಸುವವನು ಅಂಕೆಯನ್ನು ಬರೆದುಕೊಟ್ಟರೆ ಸಾಕು, ಪಡೆಯುವವನಿಗೆ ವಾಕ್ಯ ಮುಟ್ಟುತ್ತಿತ್ತು. 2013ರ ಜುಲೈ ತಿಂಗಳಿನಲ್ಲಿ ತಂತಿಯ ವ್ಯವಸ್ಥೆಯೇ ನಿಂತುಹೋಯಿತಾದರೂ ಅಂಕೆಯ ಬುದ್ಧಿ ನಿಂತಿಲ್ಲ. ಒಬ್ಬರಿಂದ ಬಂದ ಚಿತ್ರವನ್ನು ಬೆರಳಿನ ಒಂದು ತಟ್ಟಿನಿಂದ ಐವತ್ತು ಮಂದಿಗೆ ದಾಟಿಸುವ ಈ ಕಾಲದ ಮೊಬೈಲಿನಲ್ಲಿ ಅದು ಮತ್ತಷ್ಟು ಸುಖವಾಗಿ ಬಾಳುತ್ತಿದೆ. ಆದರೂ ಅವಸರದಿಂದ ತೀರ್ಪು ಕೊಡಲಾಗದು. ದೂರದ ಊರಿನಲ್ಲಿ ಕೆಲಸಕ್ಕಿದ್ದು, ತಂಗಿಯ ಮದುವೆಗೆ ರಜೆ ಸಿಕ್ಕದೆ ತಂತಿಯ ಕಚೇರಿಗೆ ಓಡಿದವನು ಬರೆದದ್ದು ಅಂಕೆಯೇ ಆದರೂ ಅವನ ಕಣ್ಣು ಒದ್ದೆಯಾಗಿರಲಿಲ್ಲವೆಂದು ಯಾರು ಹೇಳಬಲ್ಲರು?

ಇನ್ನು ಕೈಗೆಲಸದ ಪಕ್ಷದವರ ಮಾತನ್ನು ಒರೆಗೆ ಹಚ್ಚಬೇಕು. ಚಿತ್ತಾರದ ಕಾಗದ ಯಾವುದೋ ಕಾರ್ಖಾನೆಯದು. ಠಸ್ಸೆಯ ಹೂವನ್ನು ಕೊರೆದವನು ಬೇರೊಬ್ಬ. ಅಂಟೂ ಪುಡಿಯೂ ಪೇಟೆಯವು. ಹೀಗಿರಲು ‘ನಾನೇ ಮಾಡಿದೆ’ ಎಂಬ ಮಾತಿನಲ್ಲಿ ಎಷ್ಟು ಪಾಲು ನಿಜ? ಎಲ್ಲವನ್ನೂ ತುಂಡುಮಾಡಿ, ಎಲ್ಲಿ ಯಾವುದನ್ನು ಅಂಟಿಸಬೇಕೆಂಬ ಗುರುತುಗಳನ್ನೂ ಹಾಕಿ ಮಾರುವ ಪೆಟ್ಟಿಗೆಗಳೂ ಇವೆ. ಅದರಂತೆ ಅಂಟಿಸಿದವನನ್ನು ಕರ್ತೃವೆನ್ನುವುದು ಕಷ್ಟ. ಆದರೆ ಮದುವೆಯ ಬಾಸಿಂಗ ಕಟ್ಟುವವನೂ ಬೇಗಡೆಯನ್ನು ತಾನು ಬಡಿಯುವುದಿಲ್ಲ, ಬಣ್ಣದ ಕಾಗದವನ್ನು ತಾನು ಮಾಡುವುದಿಲ್ಲ. ಬಾಸಿಂಗ ಅವನದಲ್ಲವೆಂದು ಯಾರೂ ಅನ್ನುವುದಿಲ್ಲ. ಬೇಗಡೆ ಎಲ್ಲಿ ಮಿನುಗಬೇಕು, ಎಲ್ಲಿ ಬೆಂಡು ಬಿಳಿಯಾಗಿಯೇ ಇರಬೇಕು ಎಂದು ಆರಿಸಿದ್ದು ಅವನ ಕಣ್ಣು. ಆಯ್ಕೆಯಲ್ಲಿ ಮನುಷ್ಯನಿದ್ದಾನೆ, ಆಯ್ಕೆಯನ್ನು ಮತ್ತೊಬ್ಬನಿಗೆ ಒಪ್ಪಿಸಿದಲ್ಲಿ ಅವನು ಹೊರಗುಳಿಯುತ್ತಾನೆ. ಮಾಡದೆ ಇದ್ದುದನ್ನು ಮಾಡಿದೆನೆಂದು ಹೇಳಿಕೊಳ್ಳುವುದಂತೂ, ಅದು ಹಬ್ಬದ ಹಾರೈಕೆಯ ಜೊತೆಗೆ ಹೋದರೂ, ಸುಳ್ಳೇ ಸರಿ.

ಕೊಂಡ ವಸ್ತುವಿನಲ್ಲಿ ಹೃದಯವಿರಲಾರದೆಂಬ ಮಾತಿಗೆ ಈ ಸೀಮೆಯ ಗೌರಿ ಹುಣ್ಣಿಮೆಯೇ ಉತ್ತರ ಕೊಡುತ್ತದೆ. ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಯಿಸಿ, ಜೋಡಿಸಿ ಬಿಗಿದು, ಕಾದ ಪಾಕವನ್ನು ಹೊಯ್ದು ತೆಗೆದ ಸಕ್ಕರೆಯ ತೇರು, ಆನೆ, ನವಿಲುಗಳನ್ನು ಬಹುತೇಕ ಮನೆಗಳವರು ಪೇಟೆಯಿಂದಲೇ ತರುವರು. ಒಂದೇ ಅಚ್ಚಿನಿಂದ ನೂರಾರು ಆನೆಗಳು ಹೊರಬೀಳುವವು. ಆದರೂ ಮದುವೆ ಗೊತ್ತಾದ ಹುಡುಗಿಯ ಮನೆಗೆ ಬೀಗರು ಸೀರೆಯೊಡನೆ ಸಕ್ಕರೆ ಆರತಿಯನ್ನು ಹೊತ್ತು ತಂದಾಗ, ಆ ಆನೆ ಅಂಗಡಿಯದೆಂದು ಅವಳ ಸಂತೋಷ ಕುಂದುವುದಿಲ್ಲ. ಅಚ್ಚಿನ ವಸ್ತುವಿನೊಡನೆ ಜನರು ನಡೆದುಬಂದರು. ಬಹುಶಃ ಗುಟ್ಟು ಇರುವುದು ಅಲ್ಲಿ. ಲಗ್ನಪತ್ರಿಕೆಯನ್ನೇ ನೋಡಿರಿ. ಮುದ್ರಣಾಲಯದಿಂದ ಐನೂರು ಪ್ರತಿಗಳು ಒಂದೇ ಮುಖದಲ್ಲಿ ಬರುತ್ತವೆ. ಮನೆಯ ಹೆಂಗಸರು ಕುಳಿತು, ಅರಿಸಿನವನ್ನು ಕಲಸಿ, ಒಂದೊಂದರ ನಾಲ್ಕು ಮೂಲೆಗಳಿಗೂ ಬೆರಳಿನಿಂದ ಹಚ್ಚುತ್ತಾರೆ. ಆ ಅರಿಸಿನದ ಬೊಟ್ಟಿಗೆ ಕ್ಷಣಮಾತ್ರ ಹಿಡಿಯುತ್ತದೆ. ಅಂದವೂ ಹೆಚ್ಚಿನದಲ್ಲ, ಒಂದು ಮೂಲೆ ಜಾಸ್ತಿ, ಒಂದು ಮೂಲೆ ಕಡಮೆ. ಅಚ್ಚಿನ ಹಾಳೆಯು ಆ ಮನೆಯ ಹಾಳೆಯಾಗುವುದು ಮಾತ್ರ ಆ ಬೊಟ್ಟಿನಿಂದಲೇ.

ಶ್ರಮಕ್ಕೆ ಇನ್ನೊಂದು ದೋಷವುಂಟು. ಅದು ತನ್ನನ್ನು ತೋರಿಸಿಕೊಳ್ಳಲು ಬಯಸುತ್ತದೆ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವು ದಾನವನ್ನು ಮೂರಾಗಿ ವಿಂಗಡಿಸಿ, ಪ್ರತಿಫಲವನ್ನು ನೆನೆದು ಕೊಟ್ಟುದನ್ನು ರಾಜಸವೆಂದು ಕರೆಯುತ್ತದೆ. ಮೂರು ದಿನ ಕುಳಿತು ಮಾಡಿದ ಕಾರ್ಡು ಹೊಗಳಿಕೆಯನ್ನು ಬೇಡದೆ ಇರುವುದು ವಿರಳ. ಪಡೆದವರು ‘ಚೆನ್ನಾಗಿದೆ’ ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಮಾಡಿದವರ ಮುಖ ಬಾಡುವುದು. ಆಗ ಅದು ಹಾರೈಕೆಯಾಗಿರದೆ ಹಾರೈಕೆಯ ವೇಷದ ಸಾಲವಾಗಿರುತ್ತದೆ. ಮೇಲಾಗಿ, ಬಿಡುವು ಎಲ್ಲರಿಗೂ ಒಂದೇ ಸಮನಾಗಿ ಹಂಚಿಕೆಯಾಗಿಲ್ಲ. ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ ಹರಪನಹಳ್ಳಿಗಳ ಕಡೆಯ ಹಳ್ಳಿಗಳಿಂದಲೂ ತಾಂಡಾಗಳಿಂದಲೂ ದುಡಿಯುವವರು ಗುಳೆ ಹೊರಟು, ಕಾಫಿಯ ತೋಟಗಳಿಗೋ ಕಬ್ಬಿನ ಗದ್ದೆಗಳಿಗೋ ಹೋಗುವುದನ್ನು ಕಂಡವರು ಬಲ್ಲರು. ಅವರಲ್ಲೊಬ್ಬಳು ತನ್ನ ಶಾಲೆಯ ಗೆಳತಿಗೆ ಹಬ್ಬದ ದಿನ ಬರಿಯ ಒಂದು ಮಾತನ್ನು ಹೇಳಿ ಕಳುಹಿಸಿದರೆ, ಅದಕ್ಕೆ ಪ್ರೀತಿ ಸಾಲದೆನ್ನುವ ಧೈರ್ಯ ಯಾರಿಗಿದೆ? ಎರಡನೆಯ ಮಹಾಯುದ್ಧ ಮುಗಿದ ಬಳಿಕ ಜೆಕೊಸ್ಲೊವಾಕಿಯದ ಹಳ್ಳಿಯೊಂದರ ಏಳು ವರ್ಷದ ಬಾಲಕಿ, ತಮ್ಮ ಹಳ್ಳಿಗೆ ನೆರವನ್ನು ಕಳುಹಿಸಿದ ಯುನಿಸೆಫ್ ಸಂಸ್ಥೆಗೆ ಕೃತಜ್ಞತೆಯನ್ನು ತಿಳಿಸಬೇಕೆಂದು ಚಿತ್ರ ಬರೆದಳು. ಕಾಗದವಿರಲಿಲ್ಲವಾದ್ದರಿಂದ ಗಾಜಿನ ತುಂಡಿನ ಮೇಲೆ ಬರೆದಳು. 1949ರಲ್ಲಿ ಆ ಸಂಸ್ಥೆಯು ಹೊರಡಿಸಿದ ಮೊದಲ ಶುಭಾಶಯದ ಕಾರ್ಡಿನ ಮೇಲಿದ್ದುದು ಅದೇ ಚಿತ್ರ. ಚಿತ್ತಾರದ ಹಾಳೆಗಳ ಕಟ್ಟುಗಳನ್ನು ಮುಂದಿಟ್ಟುಕೊಂಡು ಯಾವುದನ್ನು ಬಳಸಲೆಂದು ಬೇಸರಗೊಳ್ಳುವವರು ಈ ಗಾಜಿನ ತುಂಡನ್ನು ಆಗಾಗ ನೆನೆಯುವುದು ಒಳ್ಳೆಯದು.

ಶರಣರ ನಾಡಿನಲ್ಲಿ ಕಾಯಕದ ಜೊತೆಗೇ ದಾಸೋಹದ ಮಾತು ಬಂದುದು ಸುಮ್ಮನೆ ಅಲ್ಲ. ದುಡಿದದ್ದೆಷ್ಟು ಎಂದು ಕೇಳಿದ ಬಾಯಿ, ಅದು ಯಾರಿಗೆ ಸಂದಿತು ಎಂದೂ ಕೇಳಬೇಕು. ಕಾರ್ಡು ಮಾಡುವವರಲ್ಲಿ ಈ ಎರಡನೆಯ ಪ್ರಶ್ನೆಯನ್ನು ಕೇಳಿಕೊಳ್ಳುವವರು ಕಡಮೆ.

ಒಂದು ಸಂಗತಿಯನ್ನು ಭಾವಿಸಿಕೊಳ್ಳೋಣ. ಕೊಟ್ಟೂರಿನ ಒಂದು ಮನೆಯ ಹುಡುಗಿ ಯುಗಾದಿಗೆಂದು ಕಾರ್ಡುಗಳನ್ನು ಮಾಡಲು ಕುಳಿತಿದ್ದಾಳೆ. ಒಳ್ಳೆಯ ದಪ್ಪ ಹಾಳೆಗಳು ಆರೇ ಇವೆ. ಐದಕ್ಕೆ ಹೆಸರು ಗೊತ್ತಾಗಿದೆ. ಆರನೆಯದನ್ನು, ಎಲ್ಲಕ್ಕಿಂತ ಹೆಚ್ಚು ಅಂದವಾಗಿ ಮಾಡಿ, ಹೊಸಪೇಟೆಯಲ್ಲಿರುವ ತನ್ನ ಚಿತ್ರಕಲೆಯ ಉಪಾಧ್ಯಾಯಿನಿಗೆ ಕಳುಹಿಸಬೇಕೆಂದಿದ್ದಾಳೆ. ಅವರು ಅದನ್ನು ನಾಲ್ಕು ಜನರಿಗೆ ತೋರಿಸಿ ಹೊಗಳುವರೆಂಬುದು ಅವಳಿಗೆ ಗೊತ್ತು. ಹಡಗಲಿಯಲ್ಲಿ ಅವಳ ತಾಯಿಯ ತಾಯಿ ಇದ್ದಾಳೆ. ಅಜ್ಜಿಗೆ ಓದು ಬಾರದು. ಈಗ ಎರಡು ವರ್ಷದಿಂದ ಕಣ್ಣಿಗೆ ಪೊರೆ ಬಂದು ಮುಖಗಳೂ ಮಸುಕಾಗಿವೆ. ಅವಳಿಗೆ ಕಾರ್ಡು ಕಳುಹಿಸುವ ಯೋಚನೆ ಯಾರಿಗೂ ಬಂದಿಲ್ಲ. ಫೋನಿನಲ್ಲಿ ಎರಡು ಮಾತಾಡಿದರಾಯಿತು ಎಂಬುದು ಮನೆಯವರ ಅಭಿಪ್ರಾಯ, ಅದೇನೂ ತಪ್ಪಲ್ಲ.

ಹುಡುಗಿಯ ಕೈಯಲ್ಲಿರುವ ಮೊಂಡು ಕಡ್ಡಿ ಅಲ್ಲಿ ನಿಲ್ಲುತ್ತದೆ. ಉಬ್ಬು ಕೆಲಸ ಕಣ್ಣಿಗಿಂತ ಬೆರಳಿಗೆ ಹೆಚ್ಚು ಕಾಣುವಂಥದು. ಅಜ್ಜಿಯಾದರೋ ಹಡಗಲಿಯ ಮಲ್ಲಿಗೆಯನ್ನು ಕಟ್ಟಿ ಕಟ್ಟಿ ಮುದುಕಿಯಾದವಳು. ಭೌಗೋಳಿಕ ಗುರುತಿನ ಪತ್ರವನ್ನು ಪಡೆದು ಆ ಹೂವು ಈಗ ದೊಡ್ಡ ಹೆಸರು ಮಾಡಿದೆ, ಅಜ್ಜಿಯ ಬೆರಳಿಗೆ ಮಾತ್ರ ಪತ್ರವಿಲ್ಲದೆಯೇ ಅದು ಗೊತ್ತು. ಆರನೆಯ ಹಾಳೆಯಲ್ಲಿ ಬಣ್ಣವೇ ಇಲ್ಲದೆ, ಬಿಳಿಯ ಮೇಲೆ ಬಿಳಿಯಾಗಿ, ಮಲ್ಲಿಗೆಯ ಒಂದು ಸಾಲನ್ನು ಉಬ್ಬಿಸಿದರೆ ಹೊಸಪೇಟೆಯಲ್ಲಿ ಅದನ್ನು ಯಾರೂ ಎರಡನೆಯ ಸಲ ನೋಡಲಾರರು. ಹಡಗಲಿಯಲ್ಲಿ ಒಬ್ಬಳು ನೋಡುವಳು. ಇದರಲ್ಲಿ ಹುಡುಗಿಗೆ ನಷ್ಟವಿಲ್ಲವೆನ್ನುವಂತಿಲ್ಲ. ಉಪಾಧ್ಯಾಯಿನಿಯ ಮೆಚ್ಚಿಗೆ ಹೋಗುತ್ತದೆ, ಅವರಿಗೆ ತೆಳುವಾದ ಹಾಳೆಯಲ್ಲಿ ಬೆಂಡೆಕಾಯಿಯ ಹೂವೇ ಗತಿ.

ಹಾಗೆಯೇ ಮಾಡಿದಳೆಂದು ಇಟ್ಟುಕೊಳ್ಳೋಣ. ಯುಗಾದಿಯ ಬೆಳಿಗ್ಗೆ ಹಡಗಲಿಯ ಮನೆಯ ಕಟ್ಟೆಯ ಮೇಲೆ ಅಜ್ಜಿ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಎಡದಿಂದ ಬಲಕ್ಕೆ ಬೆರಳಾಡಿಸಿ, ಮತ್ತೊಮ್ಮೆ ಆಡಿಸಿ, ಪಕ್ಕದಲ್ಲಿದ್ದ ಸೊಸೆಗೆ ಹೇಳಿದಳು: “ಎಲ್ಲಾ ಅರಳಿದ ಹೂವ ಐತಲ್ಲವ್ವಾ ಇದು. ಮೊಗ್ಗು ಇದ್ದಾಗ ಕಟ್ಟಬೇಕಂತ ಆ ಹುಡುಗಿಗೆ ಯಾರೂ ಹೇಳಿಲ್ಲೇನು?” ಹೊಗಳಿಕೆಯ ಮಾತು ಒಂದೂ ಇರಲಿಲ್ಲ. ಸಂಜೆಯಾದರೂ ಹಾಳೆ ಅವಳ ತೊಡೆಯ ಮೇಲೆಯೇ ಇತ್ತು.