ತೀರಿಸಲಾಗದ ಮುಯ್ಯಿ

ನನ್ನ ಹಿರಿಯ ಮಿತ್ರರೊಬ್ಬರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಕೊಟ್ಟದ್ದಕ್ಕೂ ತೆಗೆದುಕೊಂಡದ್ದಕ್ಕೂ ಸರಿಹೊಂದದಿದ್ದರೆ ಅವರಿಗೆ ನಿದ್ರೆ ಬಾರದು. ಹೋದ ತಿಂಗಳು ಒಂದು ಸಂಜೆ ಅವರು ನಮ್ಮ ಮನೆಗೆ ಬಂದಾಗ ನಾನು ಕಂಪ್ಯೂಟರಿನ ಮುಂದೆ ತಲೆಯ ಮೇಲೆ ಕೈಹೊತ್ತು ಕುಳಿತಿದ್ದೆ. ಮರುದಿನ ಬೆಳಗ್ಗೆ ಕಾಲೇಜಿಗೆ ಒಪ್ಪಿಸಬೇಕಾಗಿದ್ದ ಪ್ರಶ್ನೆಪತ್ರಿಕೆ ಪರದೆಯ ಮೇಲಿತ್ತು. ಆದರೆ ಅಕ್ಷರಕ್ಕೂ ಒತ್ತಕ್ಷರಕ್ಕೂ ಜಗಳವಾದಂತೆ ಒಂದೊಂದೂ ಒಂದೊಂದು ಕಡೆ ನಿಂತಿದ್ದವು. 'ರಾಷ್ಟ್ರ' ಎಂಬ ಪದವೇ ಮೂರು ತುಂಡಾಗಿತ್ತು.

ನನ್ನ ಕಂಪ್ಯೂಟರು ನಡೆಯುವುದು ಲಿನಕ್ಸ್ ಎಂಬ ವ್ಯವಸ್ಥೆಯಿಂದ. ಅದನ್ನು ಬಳಸುವವರದೇ ಒಂದು ಬಳಗವಿದೆ. ಜಗತ್ತಿನ ಮೂಲೆಮೂಲೆಯವರು ಅದರಲ್ಲಿದ್ದಾರೆ. ಅವರಲ್ಲಿ ನನ್ನ ಕಷ್ಟವನ್ನು ತೋಡಿಕೊಂಡಿದ್ದೆ. ಅರ್ಧ ಗಂಟೆಯಲ್ಲಿ ಯಾರೋ ಒಬ್ಬರು ಉತ್ತರ ಬರೆದರು. ಅವರಿಗೆ ಕನ್ನಡದ ಒಂದಕ್ಷರವೂ ಬಾರದು. ನಾನು ಕಳುಹಿಸಿದ ಚಿತ್ರದಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಕೇಳಿ ತಿಳಿದುಕೊಂಡು, ಹೊಸದಾಗಿ ಸೇರಿದ್ದ ಒಂದು ಫಾಂಟಿನಿಂದ ಈ ತೊಂದರೆ ಎಂದು ಕಂಡುಹಿಡಿದು, ಅದನ್ನು ತೆಗೆಯುವ ಬಗೆಯನ್ನು ಹೇಳಿಕೊಟ್ಟರು. ನನ್ನ 'ರಾಷ್ಟ್ರ' ಮತ್ತೆ ಒಂದಾಯಿತು.

"ಯಾರು ಅವರು?" ಎಂದರು ಮಿತ್ರರು.

"ಗೊತ್ತಿಲ್ಲ ಸಾರ್."

"ಎಷ್ಟು ತೆಗೆದುಕೊಂಡರು?"

"ಏನೂ ಇಲ್ಲ."

"ಹಾಗಾದರೆ ಈಗ ನೀವು ಅವರಿಗೆ ಏನು ಕೊಡಬೇಕು, ಮೇಷ್ಟರೇ?"

ಈ ಕಡೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಅದು ನನ್ನನ್ನು ಬಿಟ್ಟಿಲ್ಲ.

ಲಿನಕ್ಸಿನ ಕಥೆಯನ್ನು ಅರಿಯದ ವಾಚಕರಿಗಾಗಿ ಎರಡು ಮಾತು ಹೇಳಬೇಕು. 1991ರ ಆಗಸ್ಟಿನಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬ ಇಪ್ಪತ್ತೊಂದು ವರ್ಷದ ತರುಣ, ತಾನು ಹವ್ಯಾಸಕ್ಕಾಗಿ ಒಂದು ಕಾರ್ಯವ್ಯವಸ್ಥೆಯನ್ನು ಬರೆಯುತ್ತಿದ್ದೇನೆಂದು ತಿಳಿಸಿ ಬಲ್ಲವರ ಸಲಹೆ ಕೇಳಿದ. ಕಂಪ್ಯೂಟರಿನ ಅಂಗಾಂಗಗಳನ್ನೆಲ್ಲ ನಡೆಸುವ ತಿರುಳೇ ಅದು. 1992ರಲ್ಲಿ ಅದನ್ನು ಗ್ನೂ ಸಾರ್ವಜನಿಕ ಲೈಸೆನ್ಸಿಗೆ ಒಳಪಡಿಸಿದ. ಅದರಂತೆ ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ತಿದ್ದಿ ಹಂಚುವವನು ತನ್ನ ತಿದ್ದುಪಡಿಯನ್ನೂ ಅದೇ ಷರತ್ತಿನ ಮೇಲೆ ಬಿಟ್ಟುಕೊಡಬೇಕು. ಇಂದು ಕೋಟ್ಯಂತರ ಜನರ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಅದೇ.

ಈ ತಿರುಳಿನ ಸುತ್ತ ಡೆಬಿಯನ್, ಫೆಡೋರಾ, ಉಬುಂಟು ಎಂದು ಹಲವು ಬಳಗಗಳು ಬೆಳೆದಿವೆ. ಉಬುಂಟು ಎಂಬುದು ಆಫ್ರಿಕದ ಮಾತು. ಇತರರೊಡನೆ ಬಾಳುವ ಮನುಷ್ಯತ್ವ ಎಂಬ ಅರ್ಥ ಅದಕ್ಕುಂಟು. ಆ ಬಳಗದ ಸ್ವಯಂಸೇವಕರು ವಾರವಾರದ ಸಮಾಚಾರಗಳನ್ನು ಕೂಡಿಸಿ ವಾರ್ತಾಪತ್ರವನ್ನು ಹೊರಡಿಸುತ್ತ ಬಂದಿದ್ದಾರೆ. ಇಂಥ ಬಳಗಗಳ ಒಂದು ವಾರದ ವ್ಯವಹಾರವನ್ನು ನೋಡಿದರೆ ಲೋಕವನ್ನು ಅಲ್ಲಾಡಿಸುವ ಸುದ್ದಿ ಏನೂ ಸಿಕ್ಕದು. ಬರಲಿರುವ ಆವೃತ್ತಿಯನ್ನು ಯಾರೋ ಪರೀಕ್ಷಿಸಿ ದೋಷ ತೋರಿಸಿರುತ್ತಾರೆ. ಇನ್ನಾರೋ ಒಂದು ಪದವನ್ನು ತಮ್ಮ ಭಾಷೆಗೆ ತಂದಿರುತ್ತಾರೆ. ಒಬ್ಬರ ಪ್ರಿಂಟರು ಮುಷ್ಕರ ಹೂಡಿರುತ್ತದೆ. ಮತ್ತೊಬ್ಬರ ಪರದೆ ಕಪ್ಪಾಗಿರುತ್ತದೆ. ಕೇಳುವವರುಂಟು, ಹೇಳುವವರುಂಟು, ಹಳ್ಳಿಯ ಅರಳಿಕಟ್ಟೆಯ ಮೇಲೆ ನಡೆಯುವುದೂ ಇಷ್ಟೇ ಅಲ್ಲವೆ?

ಆದರೆ ಅರಳಿಕಟ್ಟೆಗೂ ಇದಕ್ಕೂ ಒಂದು ದೊಡ್ಡ ಭೇದವಿದೆ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳಿನ ಪದ್ಧತಿ ಇತ್ತು. ಇಂದು ನಿನ್ನ ಗದ್ದೆಯ ನಾಟಿಗೆ ನಾನು ಬಂದರೆ, ನಾಳೆ ನನ್ನ ಗದ್ದೆಗೆ ನೀನು ಬರಬೇಕು. ಮದುವೆಯ ಮನೆಯಲ್ಲಿ ಕೊಟ್ಟ ಮುಯ್ಯಿಯನ್ನೂ ಜನ ಮರೆಯುತ್ತಿರಲಿಲ್ಲ. ಇದು ಒಳ್ಳೆಯ ಪದ್ಧತಿಯೇ. ಮುಖ ಕಂಡು ಕೊಟ್ಟು, ಮುಖ ಕಂಡು ಪಡೆಯುವುದು. ನನಗೆ ನೆರವಾದವರಿಗಾದರೋ ಮುಖವೇ ಇಲ್ಲ. ಅವರ ಮನೆಗೆ ನಾನು ಹೋಗುವಂತಿಲ್ಲ. ಅವರಿಗೆ ತಿಳಿಯದ ಯಾವುದನ್ನೂ ಲಿನಕ್ಸಿನ ವಿಷಯದಲ್ಲಿ ನಾನು ಹೇಳಿಕೊಡಲಾರೆ. ಈ ಮುಯ್ಯಿ ತೀರುವಂಥದಲ್ಲ.

ತೀರದ ಸಾಲವನ್ನು ಸಾಲವೆಂದು ಕರೆಯುವುದೇಕೆ, ದಾನವೆಂದು ಸುಮ್ಮನಾಗಬಾರದೆ ಎಂದು ಕೇಳಬಹುದು. ಬೇಸಗೆಯಲ್ಲಿ ದಾರಿಯ ಪಕ್ಕದ ಅರವಟಿಗೆಯಲ್ಲಿ ನೀರು ಕುಡಿದವನು ಲೆಕ್ಕ ಬರೆದಿಡುತ್ತಾನೆಯೆ? ಅಲ್ಲದೆ ಲಿನಕ್ಸಿನಲ್ಲಿ ಎಲ್ಲವೂ ಪುಕ್ಕಟೆ ದುಡಿಮೆ ಎನ್ನುವಂತೆಯೂ ಇಲ್ಲ. ತಿರುಳಿನ ಕೆಲಸ ಬಹುಪಾಲು ನಡೆಯುವುದು ದೊಡ್ಡ ದೊಡ್ಡ ಕಂಪನಿಗಳ ಸಂಬಳ ಪಡೆಯುವವರಿಂದ. ಉಳಿದವರಲ್ಲಿಯೂ ಹೆಸರಿನ ಆಸೆ, ಬಲ್ಲೆನೆಂಬ ಹೆಮ್ಮೆ ಇಲ್ಲವೆಂದಲ್ಲ. ನಾನೂ ಬಹುಕಾಲ ಹೀಗೆಯೇ ಸಮಾಧಾನ ಹೇಳಿಕೊಂಡಿದ್ದೆ. ಆ ಸಮಾಧಾನವನ್ನು ಕದಡಿದ್ದು 2024ರಲ್ಲಿ ಬಯಲಾದ ಒಂದು ಪ್ರಸಂಗ.

ಕಡತಗಳನ್ನು ಒತ್ತಿ ಚಿಕ್ಕದು ಮಾಡುವ ಎಕ್ಸ್‌ಜೆಡ್ ಎಂಬ ಸಾಧನವೊಂದಿದೆ. ಹೆಸರು ಕೇಳಿದವರು ಕಡಿಮೆ. ಆದರೆ ಲಿನಕ್ಸಿನ ಬಹುತೇಕ ಎಲ್ಲ ಆವೃತ್ತಿಗಳಲ್ಲಿಯೂ ಅದು ಸೇರಿಕೊಂಡಿದೆ. ಅದನ್ನು ಅನೇಕ ವರ್ಷ ನೋಡಿಕೊಂಡು ಬಂದವರು ಹೆಚ್ಚುಕಡಿಮೆ ಒಬ್ಬರೇ, ಅದೂ ಸಂಬಳವಿಲ್ಲದೆ. 2022ರಲ್ಲಿ ಕೆಲಸ ನಿಧಾನವಾಯಿತೆಂದು ಕೆಲವರು ಅವರನ್ನು ಮೂದಲಿಸಿದರು. ತಮ್ಮ ಮನಸ್ಸಿನ ಆರೋಗ್ಯ ಸರಿಯಿಲ್ಲವೆಂದೂ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸವೆಂದೂ ಅವರು ಹೇಳಿಕೊಂಡರು. ಅದೇ ಸಮಯಕ್ಕೆ ಒಬ್ಬ ವಿನಯವಂತ ಸಹಾಯಕ ಒದಗಿದ. ಜಿಯಾ ಟಾನ್ ಎಂಬುದು ಅವನಿಟ್ಟುಕೊಂಡಿದ್ದ ಹೆಸರು. ಎರಡು ವರ್ಷಕ್ಕೂ ಮಿಕ್ಕಿ ನಂಬಿಕೆಯಿಂದ ದುಡಿದ. ಅಧಿಕಾರವೂ ಅವನ ಕೈಗೆ ಬಂತು. 2024ರ ಫೆಬ್ರವರಿ, ಮಾರ್ಚಿಗಳಲ್ಲಿ ಹೊರಬಿದ್ದ ಎರಡು ಆವೃತ್ತಿಗಳಲ್ಲಿ ಪರರ ಕಂಪ್ಯೂಟರುಗಳಿಗೆ ನುಗ್ಗುವ ಕಳ್ಳಬಾಗಿಲನ್ನು ಅವನು ಇಟ್ಟಿದ್ದ! ಮೂದಲಿಸಿದವರೂ ಅವನ ಸಂಚಿನವರೇ ಇರಬೇಕೆಂಬ ಅನುಮಾನವಿದೆ.

ಆಂಡ್ರೆಸ್ ಫ್ರೋಯ್ಂಡ್ ಎಂಬ ಎಂಜಿನಿಯರು ತಮ್ಮ ಕಂಪ್ಯೂಟರಿನೊಳಕ್ಕೆ ದೂರದಿಂದ ಪ್ರವೇಶಿಸಲು ಸುಮಾರು ಅರ್ಧ ಸೆಕೆಂಡು ಹೆಚ್ಚಾಗಿ ಹಿಡಿಯುತ್ತಿರುವುದನ್ನು ಗಮನಿಸಿದರು. ಅರ್ಧ ಸೆಕೆಂಡು ತಾನೆ ಎಂದು ಬಿಡಲಿಲ್ಲ. ಅದರ ಬೆನ್ನು ಹತ್ತಿ ಮೂಲವನ್ನು ಮುಟ್ಟಿ, ಮಾರ್ಚ್ 29ರಂದು ಎಲ್ಲರಿಗೂ ಸಾರಿ ಹೇಳಿದರು. ಕಳ್ಳಬಾಗಿಲು ಜನಸಾಮಾನ್ಯರು ಬಳಸುವ ಸ್ಥಿರ ಆವೃತ್ತಿಗಳನ್ನು ಬಹುಮಟ್ಟಿಗೆ ಸೇರುವ ಮೊದಲೇ ಮುಚ್ಚಿತು.

ಈ ಪ್ರಸಂಗದಿಂದ, ಪರಿಚಯವಿಲ್ಲದವರನ್ನು ನಂಬಲೇಬಾರದು ಎಂಬ ನೀತಿಯನ್ನು ಕೆಲವರು ತೆಗೆಯುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಕೇಡನ್ನು ತಡೆದದ್ದೂ ತೆರೆದಿಟ್ಟ ಪುಸ್ತಕವನ್ನು ಓದಿದ ಒಬ್ಬ ಅಪರಿಚಿತನೇ. ಕಳ್ಳನು ಒಳಗೆ ಬಂದದ್ದು ನಂಬಿಕೆಯ ಬಾಗಿಲಿನಿಂದ ನಿಜ. ಆದರೆ ಆ ಬಾಗಿಲಲ್ಲಿ ಕುಳಿತಿದ್ದವರು ಒಬ್ಬರೇ ಆಗಿದ್ದರು, ದಣಿದಿದ್ದರು. ಆ ಸಾಧನದ ಫಲವನ್ನು ಉಂಡವರು ಲಕ್ಷಾಂತರ, ಕೈಜೋಡಿಸಿದವರೆಷ್ಟು ಮಂದಿ? ಉಂಡವರಲ್ಲಿ ನಾನೂ ಒಬ್ಬ.

ವನವಾಸದಲ್ಲಿ ದ್ರೌಪದಿಯ ಬಳಿ ಅಕ್ಷಯಪಾತ್ರೆಯಿತ್ತು. ಎಷ್ಟು ಮಂದಿ ಬಂದರೂ ಅದು ಉಣಿಸುತ್ತಿತ್ತು. ಆದರೆ ದ್ರೌಪದಿಯ ಊಟವಾದ ಮೇಲೆ ಅಂದಿಗೆ ಅದು ಬರಿದು. ಆ ಹೊತ್ತಿನಲ್ಲಿಯೇ ದೂರ್ವಾಸರು ಶಿಷ್ಯರ ಗುಂಪಿನೊಡನೆ ಬಂದದ್ದು. ಲಿನಕ್ಸ್ ಅಂಥ ಅಕ್ಷಯಪಾತ್ರೆ. ಎಷ್ಟು ಜನ ನಕಲು ಮಾಡಿಕೊಂಡರೂ ಅದು ಸವೆಯದು. ಸವೆಯುವುದು ಅದನ್ನು ಕಾಯುವವರ ಸಂಜೆ, ಅವರ ಕಣ್ಣು, ಅವರ ತಾಳ್ಮೆ. ಅರವಟಿಗೆಯಲ್ಲಿ ನೀರು ಕುಡಿದವನು ಲೆಕ್ಕ ಬರೆಯಬೇಕಾಗಿಲ್ಲ. ಆದರೆ ನೀರು ಹೊತ್ತು ತರುವವರು ಒಬ್ಬರಿದ್ದಾರೆಂಬುದನ್ನು ಮರೆತು, ತಡವಾಯಿತೆಂದು ಗದರಿಸಿದರೆ ಅವನು ದಾನವನ್ನು ತೆರಿಗೆಯಾಗಿ ಮಾಡಿದಂತಾಯಿತು.

ನಮ್ಮ ಹಿಂದಿನವರು ಋಷಿಋಣವೆಂಬುದನ್ನು ಹೇಳಿದ್ದಾರೆ. ಋಷಿಗಳಿಗೆ ಏನನ್ನೋ ಒಪ್ಪಿಸಿ ತೀರಿಸುವ ಋಣವಲ್ಲ ಅದು. ಅವರು ಬಿಟ್ಟುಹೋದದ್ದನ್ನು ಕಲಿತು ಉಳಿಸಿಕೊಂಡರೆ ತೀರುವುದು. ಅಧ್ಯಾಪಕನಾದ ನನಗೆ ಇದು ಹೊಸದಾಗಬಾರದಿತ್ತು. ನನಗೆ ಛಂದಸ್ಸು ಕಲಿಸಿದ ಮೇಷ್ಟರಿಗೆ ನಾನೇನನ್ನೂ ಹಿಂದಿರುಗಿಸಲಿಲ್ಲ. ಅವರೂ ಅದನ್ನು ನಿರೀಕ್ಷಿಸಿರಲಿಲ್ಲ. ಪ್ರತಿ ವರ್ಷ ಮುಂದಿನ ಬೆಂಚಿನ ಹುಡುಗರಿಗೆ ಅದೇ ಪ್ರಸ್ತಾರವನ್ನು ಹಾಕಿ ತೋರಿಸುತ್ತ ಬಂದಿದ್ದೇನೆ, ಅಷ್ಟೆ. ಕೊಟ್ಟವರಿಗೆ ಕೊಡಲಾಗದ್ದನ್ನು ಕೇಳಿದವರಿಗೆ ಕೊಡಬೇಕು. ಅದೂ ಆಗದಿದ್ದರೆ, ಕೊಡುವವರ ಹೊರೆಯನ್ನಾದರೂ ಹೆಚ್ಚಿಸಬಾರದು: ಕೇಳುವ ಮೊದಲು ಹುಡುಕಬೇಕು, ಸರಿಯಾಗಿ ಕೇಳಬೇಕು, ಕೇಳಿ ಕಾಯಬೇಕು.

ಆ ರಾತ್ರಿ ಪ್ರಶ್ನೆಪತ್ರಿಕೆ ಮುಗಿದ ಮೇಲೆ, ಒತ್ತಕ್ಷರಗಳನ್ನು ಕೂಡಿಸುವ ಕ್ರಮವನ್ನು ಹಂತಹಂತವಾಗಿ ಕನ್ನಡದಲ್ಲಿ ಬರೆದು ಬಳಗದ ಮುಂದಿಟ್ಟೆ. ನನಗೆ ಗೊತ್ತಿರುವುದು ಅಷ್ಟೇ. ಎರಡು ವಾರದ ಮೇಲೆ ಒಬ್ಬ ವಿದ್ಯಾರ್ಥಿನಿ ಇದೇ ತೊಂದರೆಯನ್ನು ಹೇಳಿಕೊಂಡಿದ್ದಳು. ಎಲ್ಲಿಯವಳೋ ತಿಳಿಯದು. ನಾನು ಬರೆದದ್ದರಲ್ಲಿ ಮೂರನೆಯ ಹಂತ ಅವಳಿಗೆ ಅರ್ಥವಾಗಿರಲಿಲ್ಲ. ಅದು ನನ್ನದೇ ತಪ್ಪು. ಒಂದು ಸಂಜೆಯೆಲ್ಲ ಕುಳಿತು ಇಬ್ಬರೂ ಸರಿಪಡಿಸಿದೆವು.

ಮಿತ್ರರಿಗೆ ಇದನ್ನು ಹೇಳಿದೆ. "ಹಾಗಾದರೆ ಸಾಲ ತೀರಿತು ಅನ್ನಿ" ಎಂದರು.

"ಇಲ್ಲ ಸಾರ್. ಆ ಹುಡುಗಿ ಮೂರನೆಯ ಹಂತವನ್ನು ನನಗಿಂತ ಚೆನ್ನಾಗಿ ತಿದ್ದಿ ಬರೆದುಕೊಟ್ಟಿದ್ದಾಳೆ. ಈಗ ಅವಳಿಗೂ ಕೊಡಬೇಕಾಗಿದೆ."

ಅವರು ಸ್ವಲ್ಪ ಹೊತ್ತು ಯೋಚಿಸಿ, ಇಂಥ ಖಾತೆಯನ್ನು ತಮ್ಮ ಬ್ಯಾಂಕಿನಲ್ಲಿ ತೆರೆಯಲು ಬರುತ್ತಿರಲಿಲ್ಲವೆಂದು ಹೇಳಿ ಕಾಫಿಯ ಲೋಟವನ್ನು ಕೈಗೆತ್ತಿಕೊಂಡರು.