ಚಳಿಗಾಲದ ನೇಮ



ಎಳ್ಳ ಅಮಾವಾಸ್ಯೆ ಹತ್ತಿರ ಬಂತೆಂದರೆ ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕರಿಮಣ್ಣಿನ ಹೊಲಗಳಲ್ಲಿ ಹಿಂಗಾರಿ ಜೋಳ ಆಳೆತ್ತರಕ್ಕೆ ನಿಂತಿರುತ್ತದೆ. ಬೆಳಗಿನ ಜಾವ ಬದುವಿನ ಮೇಲೆ ನಡೆದರೆ ಧೋತರದ ಅಂಚು ಇಬ್ಬನಿಯಲ್ಲಿ ತೊಯ್ಯುತ್ತದೆ. ಬೆಳೆಗೆ ಈ ಚಳಿ ಹಿತಕರ. ಬೆಳೆದವನು ಮಾತ್ರ ಕೌದಿಯೊಳಗಿಂದ ಏಳಲೊಲ್ಲ. ದಸರೆಯ ಹೊತ್ತಿಗೆ ಹುರುಪಿನಿಂದ ಬೆಳಗಿನ ನಡಿಗೆ ಆರಂಭಿಸಿದವರು ಈಗ ಕಾಣುವುದಿಲ್ಲ. ಗರಡಿಮನೆಯಲ್ಲಿ ಸಾಮು ತೆಗೆಯಲು ಬರುತ್ತಿದ್ದ ಹುಡುಗರು ಅರ್ಧಕ್ಕರ್ಧ ಇಳಿದಿರುತ್ತಾರೆ. ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಸಂಕ್ರಾಂತಿ ಆಗಲಿ, ಆಮೇಲೆ ನೋಡೋಣ."

ಇದು ಸಣ್ಣ ಸಂಗತಿಯಂತೆ ತೋರುತ್ತದೆ. ಆದರೂ ಇದರೊಳಗೆ ಒಂದು ಪ್ರಶ್ನೆ ಇದೆ. ಚಳಿಗೆ ಅಂಜಿ ದೇಹದ ಅಭ್ಯಾಸವನ್ನು ಬಿಟ್ಟರೆ ಅದು ತಪ್ಪೇ? ತಪ್ಪಾದರೆ ಯಾರಿಗೆ ಮಾಡಿದ ತಪ್ಪು? ದೇಹ ನನ್ನದು, ಮಲಗಿದವನು ನಾನು. ಇದರಲ್ಲಿ ಇನ್ನೊಬ್ಬರಿಗೇನು ನಷ್ಟ?

ಮೊದಲು ನಮ್ಮ ರೈತ ಬಾಂಧವರ ಮಾತನ್ನು ಕೇಳೋಣ. "ದಿನವಿಡೀ ಹೊಲದಾಗ ದುಡಿಯುವವರಿಗೆ ಮತ್ತ ಯಾಕ ವ್ಯಾಯಾಮ?" ಎಂದು ಅವರು ಕೇಳುತ್ತಾರೆ. ನಮ್ಮ ತಂದೆಯವರ ಕಾಲಕ್ಕೆ ಈ ಮಾತು ಪೂರ್ಣ ಸತ್ಯವಾಗಿತ್ತು. ಇಂದು ಅರ್ಧ ಮಾತ್ರ ಸತ್ಯ. ಟ್ರ್ಯಾಕ್ಟರ್ ಹರಗುತ್ತದೆ, ಬಿತ್ತುತ್ತದೆ. ಊರಿಂದ ಹೊಲಕ್ಕೆ ಮೋಟಾರ್ ಸೈಕಲ್ ಒಯ್ಯುತ್ತದೆ. ಬಿತ್ತಿಗೆ ಮುಗಿದು ಕಳೆ ತೆಗೆದ ಮೇಲೆ ಸುಗ್ಗಿಯವರೆಗೆ ಅನೇಕರ ಮೈಗೆ ಕೆಲಸವೇ ಇಲ್ಲ. ಫೆಬ್ರುವರಿಯಲ್ಲಿ ಜೋಳ ಕೀಳುವ ದಿನ ಬರುತ್ತದೆ. ನಮ್ಮಲ್ಲಿ ಇಂದಿಗೂ ಬಹಳಷ್ಟು ಜೋಳವನ್ನು ಬೇರುಸಹಿತ ಕೈಯಿಂದಲೇ ಕೀಳುತ್ತಾರೆ. ಬಗ್ಗಿ ಕೀಳುವುದು, ಸಿವುಡು ಕಟ್ಟುವುದು, ಹೊರುವುದು. ಎರಡು ತಿಂಗಳು ಕುಳಿತ ಸೊಂಟ ಮೂರನೆಯ ದಿನಕ್ಕೆ ಹಿಡಿದುಕೊಳ್ಳುತ್ತದೆ. ವ್ಯಾಪಾರಸ್ಥರ ಸ್ಥಿತಿ ಇನ್ನೂ ಕಷ್ಟ. ಮುಂಜಾನೆ ಗಾದಿಯ ಮೇಲೆ ಕುಳಿತರೆ ರಾತ್ರಿ ಲೆಕ್ಕ ಮುಗಿದ ಮೇಲೆಯೇ ಏಳುವುದು.

ದೇಹದ ಗಳಿಕೆ ಅಂಗಡಿಯ ಗಳಿಕೆಯಂತಲ್ಲ. ಪೆಟ್ಟಿಗೆಯಲ್ಲಿಟ್ಟ ಹಣ ತಿಂಗಳು ಬಿಟ್ಟು ತೆಗೆದರೂ ಅಷ್ಟೇ ಇರುತ್ತದೆ. ಎರಡು ಮೂರು ವಾರ ಅಭ್ಯಾಸ ನಿಂತರೆ ದಮ್ಮು ಕಡಿಮೆಯಾಗತೊಡಗುತ್ತದೆ. ಸ್ನಾಯುಗಳ ಬಲ ಅದಕ್ಕಿಂತ ನಿಧಾನವಾಗಿ, ಆದರೆ ಖಂಡಿತವಾಗಿ ಇಳಿಯುತ್ತದೆ. ವಯಸ್ಸಾದವರಲ್ಲಿ ಹೋದದ್ದು ತಿರುಗಿ ಬರಲು ಬಹಳ ದಿನ ಹಿಡಿಯುತ್ತದೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಬಿರುಸಾಗಿ ನಡೆಯುವಷ್ಟಾದರೂ ಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅದರಲ್ಲಿ ಚಳಿಗಾಲಕ್ಕೆ ಬೇರೆ ಲೆಕ್ಕವೇನೂ ಇಲ್ಲ.

ಹೀಗೆಂದು ಹಟ ಹಿಡಿಯಬೇಕೆ? ಇಲ್ಲಿ ನನ್ನ ಸ್ವಂತದ ಅನುಭವವನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ನಾನು ಅಡತಿ ಅಂಗಡಿಯವನು. ಕೆಲವು ವರ್ಷಗಳ ಹಿಂದೆ ನಸುಕಿನ ಐದಕ್ಕೆ ಎದ್ದು ನಾಲ್ಕು ಮೈಲು ನಡೆಯುವ ನೇಮ ಮಾಡಿಕೊಂಡಿದ್ದೆ. ಒಂದು ಡಿಸೆಂಬರದಲ್ಲಿ ಕೆಮ್ಮು, ಮೈ ಬಿಸಿ. ಮನೆಯಲ್ಲಿ ಬೇಡವೆಂದರು. "ನೇಮ ತಪ್ಪಬಾರದು" ಎಂದು ನಾನು ಹೊರಟೆ. ಐದಾರು ದಿನ ಹಾಗೆಯೇ ನಡೆಯಿತು. ಆಮೇಲೊಂದು ದಿನ ಹಾದಿಯ ಹುಣಸಿಮರದ ಕೆಳಗೆ ಉಸಿರು ಕಟ್ಟಿ ಕುಳಿತುಬಿಟ್ಟೆ. ಕಬ್ಬಿನ ಗಾಡಿಯವನೊಬ್ಬ ನೋಡಿ ಮನೆ ಮುಟ್ಟಿಸಿದ. ಪುಪ್ಪುಸಕ್ಕೆ ಸೋಂಕಾಗಿತ್ತು. ಹನ್ನೆರಡು ದಿನ ಹಾಸಿಗೆ ಹಿಡಿದೆ. ಮಗ ಅಂಗಡಿ ಮುಚ್ಚಿ ದವಾಖಾನೆಗೆ ಓಡಾಡಿದ, ಸೊಸೆ ರಾತ್ರಿಯೆಲ್ಲ ಎಚ್ಚರವಿದ್ದಳು. ಎದ್ದು ಕುಳಿತ ದಿನ ನನ್ನ ಮನೆಯವಳು ಅಂದಳು: "ನೇಮ ನೀವು ನಡಸಿದ್ರಿ, ಅದರ ಬಾಕಿ ನಾವು ತುಂಬಿದ್ವಿ ನೋಡ್ರಿ."

ಈ ಮಾತು ನನಗೆ ನಾಟಿತು. ಆದರೆ ನಾನು ಅದರಿಂದ ತಪ್ಪು ಪಾಠ ಕಲಿತೆ. ಮುಂದಿನ ಚಳಿಗಾಲ ನಡಿಗೆಯನ್ನೇ ಬಿಟ್ಟೆ. "ಆರೋಗ್ಯ ನೋಡಿಕೊಳ್ಳುತ್ತಿದ್ದೇನೆ" ಎಂಬುದು ಹೆಸರಿಗೆ, ಒಳಗಿದ್ದದ್ದು ಸೋಮಾರಿತನ. ಶಿವರಾತ್ರಿಯ ಹೊತ್ತಿಗೆ ಗೋದಾಮಿನ ಹದಿನೆಂಟು ಮೆಟ್ಟಿಲು ಹತ್ತಲು ಎರಡು ಕಡೆ ನಿಲ್ಲಬೇಕಾಯಿತು.

ಸರಿಯಾದ ಪಾಠವನ್ನು ನನಗೆ ಕಲಿಸಿದವನು ಸೊಲ್ಲಾಪುರದಲ್ಲಿರುವ ನನ್ನ ಅಣ್ಣನ ಮಗ. ಶ್ರೀ ಸಿದ್ಧರಾಮೇಶ್ವರರ ಜಾತ್ರೆಯ ನಂದಿಧ್ವಜ ಹಿಡಿಯುವವರಲ್ಲಿ ಅವನೂ ಒಬ್ಬ. ಆ ಜಾತ್ರೆಯನ್ನು ನಮ್ಮ ಭಾಗದಲ್ಲಿ ಕಾಣದವರು ಕಡಿಮೆ. ಸಂಕ್ರಾಂತಿಯ ಮುನ್ನಾದಿನ ಏಳು ನಂದಿಧ್ವಜಗಳು ಊರ ಸುತ್ತಲಿನ 68 ಲಿಂಗಗಳಿಗೆ ಎಣ್ಣೆಮಜ್ಜನಕ್ಕೆ ಹೊರಡುತ್ತವೆ. ಮರಾಠಿ ಮಾತಾಡುವವರೂ ಅದಕ್ಕೆ ಎಣ್ಣೆಮಜ್ಜನ ಎಂಬ ಕನ್ನಡ ಹೆಸರನ್ನೇ ಉಳಿಸಿಕೊಂಡಿದ್ದಾರೆ. ಆಕಾಶಕ್ಕೆ ನಿಂತ ಅಷ್ಟು ಎತ್ತರದ ಕಾಠಿಯನ್ನು ಜನಸಂದಣಿಯ ನಡುವೆ ಸಮತೂಕದಿಂದ ಒಯ್ಯುವುದು ಒಂದು ದಿನದ ಹುರುಪಿನಿಂದ ಆಗುವ ಕೆಲಸವಲ್ಲ. ಅದಕ್ಕಾಗಿ ವಾರಗಟ್ಟಲೆ ಮೊದಲೇ ಚಳಿಯಲ್ಲಿ ಅಭ್ಯಾಸ ನಡೆಯುತ್ತದೆ. ಕೆಲಸ ಮುಗಿಸಿ ಬಂದ ಹುಡುಗರು ಬಯಲಲ್ಲಿ ಸೇರುತ್ತಾರೆ.

ಅವನಿಗೆ ಒಮ್ಮೆ ಕೇಳಿದೆ: "ಜ್ವರ ಬಂದ ದಿನ ಏನು ಮಾಡ್ತೀಯೋ?" ಅವನೆಂದ: "ಕಾಠಿ ಇನ್ನೊಬ್ಬರ ಕೈಗೆ ಕೊಡ್ತೀನಿ ಕಾಕಾ. ನಾ ಬಿದ್ರ ನಾ ಒಬ್ಬನ ಬೀಳೂದಿಲ್ಲ, ಕೆಳಗ ಮಂದಿ ಇರ್ತಾರ. ಆದ್ರ ಮೈ ನೆಟ್ಟಗಾದ ಮರುದಿನ ಹೋಗದೆ ಇರೂದಿಲ್ಲ. ಅಭ್ಯಾಸ ಬಿಟ್ಟು ಜಾತ್ರಿದಿನ ಹಿಡದ್ರೂ ಮಂದಿ ಮ್ಯಾಲ ಬೀಳೂದ ಅಲ್ರಿ?"

ನನ್ನ ಪ್ರಶ್ನೆಗೆ ಉತ್ತರ ಇದರಲ್ಲಿತ್ತು. ಕಾಠಿ ಹಿಡಿದವನ ಬಲ ಅವನೊಬ್ಬನದಲ್ಲ. ಸುತ್ತ ನಿಂತವರು ಅದನ್ನು ನಂಬಿರುತ್ತಾರೆ. ಮನೆಯ ಯಜಮಾನನ ಮೊಣಕಾಲು, ತಾಯಿಯ ಸೊಂಟ, ಒಕ್ಕಲಿಗನ ತೋಳು ಇವೂ ಹಾಗೆಯೇ. ನಮ್ಮ ದೇಹದ ಮೇಲೆ ನಮ್ಮನ್ನು ನಂಬಿದವರ ಹಕ್ಕೂ ಇದೆ. ಕಾಯ ಕೆಟ್ಟರೆ ಕಾಯಕ ನಿಲ್ಲುತ್ತದೆ. ಕಾಯಕ ನಿಂತರೆ ದಾಸೋಹವೂ ನಿಲ್ಲುತ್ತದೆ. ಆದುದರಿಂದ ಸೋಮಾರಿತನದಿಂದ ಬಿಡುವುದು ತಪ್ಪು. ಅದೇ ಕಾರಣದಿಂದ ಹಟದಿಂದ ಮಾಡುವುದೂ ತಪ್ಪು. ಎರಡರಲ್ಲಿಯೂ ನಾವು ನಮ್ಮೊಬ್ಬರನ್ನೇ ಎಣಿಸಿಕೊಂಡಿರುತ್ತೇವೆ. ಒಬ್ಬನಿಗೆ ತನ್ನ ಸುಖ ದೊಡ್ಡದು, ಇನ್ನೊಬ್ಬನಿಗೆ ತನ್ನ ಪ್ರತಿಜ್ಞೆ ದೊಡ್ಡದು.

"ಹೊತ್ತು ಬದಲಿಸಿದರೆ ನೇಮ ಕೆಟ್ಟಂತಲ್ಲವೆ?" ಎಂದು ಯಾರಾದರೂ ಕೇಳಬಹುದು. ಇಲ್ಲ ಎಂದೇ ನನ್ನ ತಿಳುವಳಿಕೆ. ಮಳೆ ತಡವಾದರೆ ಒಕ್ಕಲಿಗ ಬಿತ್ತಿಗೆಯ ದಿನ ಬದಲಿಸುತ್ತಾನೆ, ಬಿತ್ತುವುದನ್ನು ಬಿಡುವುದಿಲ್ಲ. ಆದರೆ ಬದಲಿಸಿದ ಹೊತ್ತನ್ನು ಆ ದಿನವೇ ನಿಶ್ಚಯಿಸಬೇಕು. "ಆಮೇಲೆ ನೋಡೋಣ" ಎಂಬ ಹೊತ್ತು ಯಾವ ಗಡಿಯಾರದಲ್ಲಿಯೂ ಇಲ್ಲ.

ಆಚರಣೆಗೆ ಕೆಲವು ಮಾತು. ಚಳಿಗೆ ಚರ್ಮದ ರಕ್ತನಾಳಗಳು ಬಿಗಿಯುತ್ತವೆ, ರಕ್ತದೊತ್ತಡ ಏರುತ್ತದೆ, ಹೃದಯಕ್ಕೆ ಭಾರವಾಗುತ್ತದೆ. ಆದ್ದರಿಂದ ಹಿರಿಯರು, ಬಿಪಿ, ಹೃದಯ ಅಥವಾ ದಮ್ಮಿನ ತೊಂದರೆ ಇದ್ದವರು ನಸುಕಿನಲ್ಲಿ ಹೊರಡದೆ ಬಿಸಿಲು ಬಿದ್ದ ಮೇಲೆ ಹೊರಡಲಿ, ವೈದ್ಯರನ್ನು ಕೇಳಿ ಪ್ರಮಾಣ ಇಟ್ಟುಕೊಳ್ಳಲಿ. ಮೊದಲ ಹತ್ತು ನಿಮಿಷ ನಿಧಾನ ನಡೆದು ಮೈ ಕಾಯಿಸಿಕೊಂಡು ಆಮೇಲೆ ಬಿರುಸಾಗಲಿ. ಒಂದೇ ದಪ್ಪ ಕಂಬಳಿಗಿಂತ ಎರಡು ಮೂರು ತೆಳು ಬಟ್ಟೆ ಲೇಸು. ಬೆವರು ಬಂದಂತೆ ಒಂದೊಂದೇ ತೆಗೆಯಬಹುದು. ಕಿವಿ ಮುಚ್ಚಲಿ. ಚಳಿಯಲ್ಲಿ ನೀರಡಿಕೆ ತಿಳಿಯುವುದಿಲ್ಲ, ಆದರೂ ನೀರು ಕುಡಿಯಬೇಕು. ಕಸ ಸುಟ್ಟ ಹೊಗೆ ಬೆಳಗಿನಲ್ಲಿ ನೆಲದ ಹತ್ತಿರವೇ ನಿಂತಿರುತ್ತದೆ. ಆ ಹಾದಿ ಬಿಡಲಿ. ಜ್ವರ ಬಂದ ದಿನ ವಿಶ್ರಾಂತಿ. ಎದೆನೋವು, ತಲೆ ತಿರುಗು ಬಂದರೆ ತಕ್ಷಣ ನಿಲ್ಲಿಸಿ ದವಾಖಾನೆಗೆ ಹೋಗಬೇಕು; ಅಲ್ಲಿ ಯಾವ ನೇಮವೂ ಇಲ್ಲ. ಸಾಧ್ಯವಿದ್ದರೆ ಜೊತೆಗೊಬ್ಬರಿರಲಿ. ಬಾಗಿಲಲ್ಲಿ ನಿಂತು ಕೂಗುವ ಗೆಳೆಯನಿದ್ದರೆ ಕೌದಿ ತಾನಾಗಿ ಹಗುರಾಗುತ್ತದೆ.

ನಾನು ಈಗ ಎಂಟು ಗಂಟೆಗೆ ಹೊರಡುತ್ತೇನೆ. ನಾಲ್ಕು ಮೈಲು ಎರಡಾಗಿದೆ. ನನ್ನ ಮನೆಯವಳೂ ಜೊತೆಗೆ ಬರುತ್ತಾಳೆ. ಹುಣಸಿಮರದ ಹತ್ತಿರ ಬಂದಾಗ ಒಂದು ಗಳಿಗೆ ನಿಂತು, "ಇವತ್ತಿನ ಬಾಕಿ ಏನರ ಐತೇನ್ರಿ?" ಎಂದು ನಗುತ್ತಾಳೆ. ಇಲ್ಲವೆಂದು ಹೇಳಿ ಮುಂದೆ ನಡೆಯುತ್ತೇನೆ.