ಮನೆ ಬದಲಾಗುವಾಗ ಮಕ್ಕಳಿಗೆ ಸಲ್ಲತಕ್ಕದ್ದೇನು?

ಒಂದು ಕುಟುಂಬವು ತನ್ನ ಊರನ್ನು ಬಿಟ್ಟು ಬೇರೊಂದು ಊರಿಗೆ ಹೋಗುವದಕ್ಕೆ ಅನೇಕ ಕಾರಣಗಳುಂಟು. ಒಬ್ಬನಿಗೆ ಇದ್ದಲ್ಲಿ ಕೂಲಿ ಸಿಕ್ಕದು; ಮತ್ತೊಬ್ಬನಿಗೆ ಕೆಲಸದಲ್ಲಿ ವರ್ಗವಾಗುವದು; ಇನ್ನೊಬ್ಬನ ಹೊಲಮನೆಗಳನ್ನು ಅಣೆಕಟ್ಟಿನ ನೀರು ನುಂಗುವದು. ಕಾರಣವು ಯಾವದಾದರೂ ಆಗಲಿ, ತೀರ್ಮಾನ ಮಾಡುವವರು ದೊಡ್ಡವರು. ಅದರ ಫಲವನ್ನು ಅವರೊಂದಿಗೆ ಅನುಭವಿಸುವವರು ಮಕ್ಕಳು. ಹೀಗೆ ತಮ್ಮನ್ನು ಕೇಳದೆ ಹೊರಡಿಸಲ್ಪಟ್ಟ ಚಿಕ್ಕವರಿಗೆ ನಾವು ತೀರಿಸತಕ್ಕ ಋಣವೇನಾದರೂ ಉಂಟೋ? ಅನ್ನವಸ್ತ್ರಗಳನ್ನು ಕೊಟ್ಟರೆ ಸಾಲದೋ? ಈ ವಿಷಯವಾಗಿ ಸ್ವಲ್ಪ ಯೋಚಿಸೋಣ.

ಕೃಷ್ಣಾ ತೀರದ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳುವ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. ಕಾಲಾನಂತರ ಅದರ ಹಿನ್ನೀರು ಏರಲಾಗಿ ಅನೇಕ ಹಳ್ಳಿಗಳವರು ಪುನರ್ವಸತಿ ಕೇಂದ್ರಗಳಿಗೆ ಹೋಗಬೇಕಾಯಿತು. ಬಾಗಲಕೋಟೆ ಪಟ್ಟಣದ ಒಂದು ಭಾಗವೂ ಮುಳುಗಡೆಯಾದದರಿಂದ ನವನಗರವೆಂಬ ಹೊಸ ಊರು ಕಟ್ಟಲ್ಪಟ್ಟಿತು. ಇಂಥ ಸಮಯದಲ್ಲಿ ಸರಕಾರದವರು 1894ರ ಭೂಸ್ವಾಧೀನ ಕಾಯಿದೆಗೆ ಅನುಸಾರವಾಗಿ ಭೂಮಿಗೂ ಮನೆಗೂ ಬೆಳೆಗೂ ಮರಗಳಿಗೂ ಬೆಲೆ ಕಟ್ಟುತ್ತಿದ್ದರು. ಆದರೆ ಬೇವಿನ ಮರಕ್ಕೆ ಕಟ್ಟಿದ ಬೆಲೆಯಲ್ಲಿ ಅದರ ನೆರಳಿನಲ್ಲಿ ಆಡಿದ ಹುಡುಗನ ಪಾಲು ಎಷ್ಟು? ನಿತ್ಯವೂ ಜೊತೆಯಾಗಿ ಶಾಲೆಗೆ ಹೋಗುತ್ತಿದ್ದ ಗೆಳತಿಯನ್ನು ಕಳಕೊಂಡ ಹುಡುಗಿಗೆ ಸಿಕ್ಕಿದ ಪರಿಹಾರವೇನು? ಇಂಥ ನಷ್ಟವನ್ನು ಅಳೆಯುವ ಕೋಲು ಯಾವ ಕಚೇರಿಯಲ್ಲಿಯೂ ಇಲ್ಲ. ಅದನ್ನು ಅರಿಯತಕ್ಕವರು ತಂದೆತಾಯಿಗಳೇ.

ಕೆಲವರು ಹೇಳುವದೇನಂದರೆ: "ಮಗುವಿಗೆ ಏನು ತಿಳಿಯುವದು? ನಾಲ್ಕು ದಿನ ಅತ್ತು ಮರೆತುಬಿಡುವದು." ಆದರೆ ಅಳುವದನ್ನು ನಿಲ್ಲಿಸುವದು ಬೇರೆ, ದುಃಖವು ತೀರುವದು ಬೇರೆ. ಕೂಸಿಗೆ ಮನೆ ಅಂದರೆ ಗೋಡೆಯೂ ಮಾಡೂ ಅಲ್ಲ. ಉಣ್ಣುವ ಹೊತ್ತು, ಹೊದೆಯುವ ಕೌದಿಯ ವಾಸನೆ, ಅಜ್ಜಿಯ ಧ್ವನಿ, ಇವೇ ಅದರ ಮನೆ. ಸ್ವಲ್ಪ ದೊಡ್ಡದಾದ ಮಗುವು ತನ್ನ ತಪ್ಪಿನಿಂದಲೇ ಊರು ಬಿಡಬೇಕಾಯಿತೋ ಎಂದು ಒಳಗೊಳಗೆ ಅಂಜುವದೂ ಉಂಟು. ಬಾಯಿಂದ ಹೇಳಲಾರದ್ದನ್ನು ಅದು ದೇಹದಿಂದ ಹೇಳುವದು. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆಮಾಡುವ ರೂಢಿಯು ತಿರಿಗಿ ಬರುವದು. ಶಾಲೆಯ ಹೊತ್ತಿಗೆ ಹೊಟ್ಟೆನೋವು ಹುಟ್ಟುವದು. ಸಣ್ಣ ಮಾತಿಗೆ ಹಟ ಬೆಳೆಯುವದು. ಇವುಗಳನ್ನು ಅವಿಧೇಯತ್ವವೆಂದು ಎಣಿಸಿ ಬೆತ್ತ ತೆಗೆದುಕೊಳ್ಳುವವನು ಗಾಯವನ್ನು ಕಂಡು ಗಾಯಪಟ್ಟವನನ್ನು ಹೊಡೆದ ಹಾಗಾಯಿತು.

ಇನ್ನು ಅತಿ ಕಠಿಣವಾದ ಪ್ರಶ್ನೆಗೆ ಬರುವ. ಮಗುವಿನ ಅಳುವನ್ನು ತಪ್ಪಿಸುವದಕ್ಕೋಸ್ಕರ "ಹಬ್ಬಕ್ಕೆ ಹೋಗುತ್ತೇವೆ, ಎಂಟು ದಿನದಲ್ಲಿ ತಿರಿಗಿ ಬರುವೆವು" ಎಂದು ಸುಳ್ಳು ಹೇಳಬಹುದೋ? ಕನಿಕರದಿಂದ ಹುಟ್ಟಿದ ಸುಳ್ಳು ದೋಷವಲ್ಲವೆಂದು ಅನೇಕರು ನೆನಸುತ್ತಾರೆ. ಆದರೆ ನೋಡಿರಿ, ಆ ಸುಳ್ಳು ದುಃಖವನ್ನು ತೆಗೆದುಹಾಕುವದಿಲ್ಲ. ಎಂಟು ದಿನ ಮುಂದಕ್ಕೆ ಹಾಕುವದು ಅಷ್ಟೇ. ಒಂಬತ್ತನೆಯ ದಿನ ಮಗುವಿಗೆ ಒಂದಲ್ಲ, ಎರಡು ನಷ್ಟಗಳು ತಿಳಿದುಬರುವವು. ಹೊಸ ಊರಿನಲ್ಲಿ ಬೀದಿಯೂ ನೀರೂ ಕೆಲವು ಕಡೆ ಭಾಷೆಯೂ ಅದಕ್ಕೆ ಪರಕೀಯ. ಅಲ್ಲಿ ಅದಕ್ಕೆ ಗುರುತಿರುವದು ತಂದೆತಾಯಿಗಳ ಮಾತು ಒಂದೇ. ಆ ಮಾತೂ ಸುಳ್ಳಾದರೆ ಮಗುವು ನಿಲ್ಲುವದು ಎಲ್ಲಿ? ಆದಕಾರಣ ಸತ್ಯವನ್ನೇ ಹೇಳತಕ್ಕದ್ದು, ಮುಂಚಿತವಾಗಿ ಹೇಳತಕ್ಕದ್ದು, ಮಗುವಿನ ವಯಸ್ಸಿಗೆ ತಕ್ಕ ಮಾತುಗಳಿಂದ ಹೇಳತಕ್ಕದ್ದು. ಅದು ಅತ್ತರೆ ಅಳಲಿ. ನಾವು ಬಳಿಯಲ್ಲಿ ಕೂತಿರೋಣ.

ಹಾಗಾದರೆ ಮನೆಯ ಯಜಮಾನಿಕೆಯನ್ನು ಮಗುವಿಗೆ ಒಪ್ಪಿಸಬೇಕೋ? ಹಾಗಲ್ಲ. 1989ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ, 1992ರಲ್ಲಿ ಭಾರತವೂ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ, ಮಗುವಿಗೆ ಸಂಬಂಧಪಟ್ಟ ವಿಷಯಗಳಲ್ಲಿ ಅದರ ಅಭಿಪ್ರಾಯವನ್ನು ಕೇಳಿ ವಯಸ್ಸಿಗೂ ತಿಳುವಳಿಕೆಗೂ ತಕ್ಕ ಬೆಲೆಯನ್ನು ಕೊಡಬೇಕೆಂದದೆ. ಕೇಳುವದು ಬೇರೆ, ಕೇಳಿದ್ದನ್ನೆಲ್ಲಾ ನಡಿಸುವದು ಬೇರೆ. ಹೊರಡುವದೋ ಬೇಡವೋ ಎಂಬದನ್ನು ತಂದೆತಾಯಿಗಳು ತೀರ್ಮಾನಿಸಲಿ. ಆದರೆ ಗಂಟಿನಲ್ಲಿ ಏನನ್ನು ಇಡಬೇಕು, ಯಾರಿಗೆ ಹೇಳಿ ಹೋಗಬೇಕು, ಹೊಸ ಮನೆಯಲ್ಲಿ ಯಾವ ಮೂಲೆಯಲ್ಲಿ ಮಲಗಬೇಕು, ಇಂಥವುಗಳನ್ನು ಮಗುವಿಗೆ ಬಿಡಬಹುದು. ತನ್ನ ಕೈಯಿಂದ ಒಂದನ್ನಾದರೂ ಆರಿಸಿಕೊಂಡವನು ತಾನು ಸಾಮಾನಿನಂತೆ ಹೊರಲ್ಪಟ್ಟೆನೆಂದು ನೆನಸುವದಿಲ್ಲ.

ಭತ್ತದ ಸಸಿಯನ್ನು ನಾಟಿಮಾಡುವ ಒಕ್ಕಲಿಗನನ್ನು ನೋಡಿರಿ. ಕಿತ್ತ ಸಸಿಯು ಕೆಲವು ದಿನ ಹಳದಿಯಾಗಿ ಬಾಡುವದು. ಅದಕ್ಕೆ ಅವನು ಸಿಟ್ಟುಗೊಳ್ಳುವದಿಲ್ಲ, ಬೇರು ಹಿಡಿಯಿತೋ ಎಂದು ಎಳೆದು ನೋಡುವದೂ ಇಲ್ಲ, ನೀರನ್ನು ಕಾಯುತ್ತಾನೆ. ಹಾಗೆಯೇ ಹಳೇ ಕೌದಿಯನ್ನು ಬಿಸಾಡಬೇಡಿರಿ. ಊಟ, ನಿದ್ರೆ, ಸಂಜೆಯ ಪ್ರಾರ್ಥನೆ ಇವು ಮೊದಲಿದ್ದ ಹೊತ್ತಿಗೇ ನಡೆಯಲಿ. ಹಳೇ ಊರಿನ ಹೆಸರನ್ನು ಎತ್ತಬಾರದೆಂದು ಬಾಯಿ ಮುಚ್ಚಿಸಬೇಡಿರಿ. ಶಾಲೆಗೆ ಸೇರಿಸುವದರಲ್ಲಿ ತಡಮಾಡಬೇಡಿರಿ, ಯಾಕಂದರೆ ಹೊಸ ಗೆಳೆಯರು ಸಿಕ್ಕುವದು ಅಲ್ಲಿಯೇ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ, 6ರಿಂದ 14 ವರುಷದ ಮಗುವು ಸರಕಾರಿ ಇಲ್ಲವೆ ಅನುದಾನಿತ ಶಾಲೆಗೆ ಬದಲಾಯಿಸಿಕೊಳ್ಳುವಾಗ ವರ್ಗಾವಣೆ ಪತ್ರವನ್ನು ಮುಖ್ಯೋಪಾಧ್ಯಾಯರು ಕೂಡಲೇ ಕೊಡತಕ್ಕದ್ದು. ಪತ್ರವು ತಡವಾಯಿತೆಂದು ಹೊಸ ಶಾಲೆಯವರು ಮಗುವನ್ನು ಸೇರಿಸದೆ ಇರಕೂಡದು. ಇದನ್ನು ಅರಿಯದೆ ಎಷ್ಟೋ ಬಡವರು ಮಕ್ಕಳನ್ನು ಮನೆಯಲ್ಲಿಯೇ ಕೂರಿಸಿಕೊಳ್ಳುತ್ತಾರೆ.

ಕಡೆಗೆ ಒಂದು ಮಾತು. ನಮ್ಮ ಊರಿಗೆ ಬೇರೆ ಕಡೆಯಿಂದ ಬಂದ ಕುಟುಂಬಗಳೂ ಇರುವವು. ಅವರ ಮಗುವು ಬೀದಿಯ ಅಂಚಿನಲ್ಲಿ ಒಂಟಿಯಾಗಿ ನಿಂತು ನಮ್ಮ ಮಕ್ಕಳ ಆಟವನ್ನು ನೋಡುತ್ತಿರುವದು. ಅದರ ಹೆಸರನ್ನು ಕೇಳಿ ಆಟಕ್ಕೆ ಕರೆಯುವಂತೆ ನಿಮ್ಮ ಮಕ್ಕಳಿಗೆ ಹೇಳಿರಿ. ತಂದೆತಾಯಿಗಳು ಸತ್ಯವನ್ನು ಹೇಳಿ ಮಗುವನ್ನು ಹೊಸ ಊರಿಗೆ ತರಬಲ್ಲರು. ಆ ಊರನ್ನು ಅದಕ್ಕೆ ತನ್ನ ಊರಾಗಿ ಮಾಡುವದು ನೆರೆಯವರಾದ ನಮ್ಮ ಕೈಯಲ್ಲಿಯೂ ಅದೆ.